ಯಾರ ಹೆಸರಿಗೆ ಎದ್ದು ನಿಲ್ಲುವುದು

ಫೆಬ್ರವರಿ 4, ಮಂಗಳವಾರ

ನನ್ನ ಗಂಡನಷ್ಟು ಚೆನ್ನಾಗಿ ಸಿಟ್ಟು ಮಾಡಿಕೊಳ್ಳುವವರನ್ನು ನಾನು ಎಲ್ಲೂ ನೋಡಿಲ್ಲ! ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಅವರ ಸಿಟ್ಟಿನ ಒಂದೊಂದು ಹಂತವೂ ನನಗೆ ಬಾಯಿಪಾಠ. ಮೊದಲು ಕಿವಿ ಕೆಂಪಾಗುತ್ತದೆ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾರೆ. ಕನ್ನಡಕವಿಲ್ಲದ ಆ ಕಣ್ಣು! ಆಮೇಲೆ ಅವರು ಏನು ಹೇಳಿದರೂ ನನ್ನ ಕಿವಿಗೆ ಒಂದಕ್ಷರ ಬೀಳುವುದಿಲ್ಲ.

ಇವತ್ತಿನ ಸಿಟ್ಟು ಆಸ್ಪತ್ರೆಯ ಲಾಂಡ್ರಿಯದು. ನಗರಸಭೆಯವರು ಅದನ್ನು ಕಂಟ್ರಾಕ್ಟರನಿಗೆ ಕೊಡುತ್ತಾರಂತೆ, ಮುಂದಿನ ತಿಂಗಳು ಮತಕ್ಕೆ ಹಾಕುತ್ತಾರಂತೆ. ಅವನು ಬಟ್ಟೆಯನ್ನೆಲ್ಲ ಊರಾಚೆಗೆ ಹೊತ್ತೊಯ್ದು ತನ್ನ ಯಂತ್ರಗಳಲ್ಲಿ ಒಗೆಸುತ್ತಾನೆ, ಇಲ್ಲಿ ದುಡಿಯುವ ಹೆಂಗಸರಷ್ಟೂ ಮನೆಗೆ. ಅವರಲ್ಲಿ ನನ್ನ ನಾದಿನಿಯೂ ಒಬ್ಬಳು. ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ದೊಡ್ಡ ರೋಲರಿನ ಮುಂದೆ ಅವಳ ಕೆಲಸ. ಮೊಣಕೈವರೆಗೂ ಸಣ್ಣ ಸಣ್ಣ ಸುಟ್ಟ ಕಲೆಗಳು. ಊಟವಾದ ಮೇಲೆ ನಮ್ಮ ಪ್ರವಾಸದ ಫೋಟೋ ತೋರಿಸುತ್ತಿದ್ದರೆ ಕೂತಲ್ಲೇ ನಿದ್ದೆಹೋದಳು. ಸ್ವಲ್ಪ ಬೇಜಾರಾಯಿತು. ಸಮುದ್ರದ ಫೋಟೋಗಳು ಇನ್ನೂ ಬಂದೇ ಇರಲಿಲ್ಲ!

ಲಾಂಡ್ರಿ ಉಳಿಯಬೇಕಾದರೆ ಮತದ ದಿನ ಆಸ್ಪತ್ರೆಯ ಒಂದು ಟವೆಲ್ಲೂ ಅಲ್ಲಾಡಬಾರದು ಎನ್ನುತ್ತಾರೆ ಇವರು. ಒಗೆಯುವವರು, ವಾರ್ಡುಗಳಿಂದ ಹೊತ್ತು ತರುವವರು, ವ್ಯಾನ್ ಓಡಿಸುವವರು, ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸಬೇಕು. ತೊಂದರೆ ಏನೆಂದರೆ ಅವರು ಮೂರು ಪಕ್ಷ. ಮೂರರದ್ದೂ ಕೆಂಪು ಬಾವುಟವೇ! ಡ್ರೈವರುಗಳು ನನ್ನ ಮಾವನ ಕಡೆ; ಮಾವ ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು, ಅವರ ಪಕ್ಷಕ್ಕೆ ಎಲ್ಲರೂ ‘ಹಳಬರು’ ಎನ್ನುತ್ತಾರೆ. ವಾರ್ಡಿನ ಕೆಲಸದವರು ನನ್ನವರ ‘ಹೊಸಬರು’. ಲಾಂಡ್ರಿಯವರು ಮೂರನೇ ಪಕ್ಷದ ಕಡೆ; ಅದನ್ನು ನಡೆಸುವವರು ಒಂದು ಪುಸ್ತಕದಂಗಡಿಯ ಯಜಮಾನರು. ಅಪ್ಪ ಮಗ ಒಂದೇ ಸೂರಿನ ಕೆಳಗೆ ಎರಡು ಪಕ್ಷ!

“ಮೂರು ಕಡೆಯವರೂ ಒಂದು ಟೇಬಲ್ಲಿಗೆ ಕೂತರೆ ಅರ್ಧ ಗಂಟೇಲಿ ಮುಗಿಯಲ್ವಾ?” ಎಂದು ಕೇಳಿದೆ.

ಇವರು ನನ್ನ ಕೆನ್ನೆ ಹಿಂಡಿ, “ನೀನು ತುಂಬಾ ಮುದ್ದು ಕಣೇ,” ಎಂದರು. ಆಮೇಲೆ ಏನು ಕೇಳಿದ್ದೆನೋ ಮರೆತೇಹೋಯಿತು.

ಫೆಬ್ರವರಿ 9, ಭಾನುವಾರ

ಟೇಬಲ್ಲಿಗೆ ಕೂತರು. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ. ಬೆಳಿಗ್ಗೆ ಹತ್ತಕ್ಕೆ ಕೂತವರು ಮಧ್ಯಾಹ್ನ ಮೂರಕ್ಕೆ ಎದ್ದರು. ಲಾಂಡ್ರಿ ಎಂಬ ಶಬ್ದ ಒಮ್ಮೆಯೂ ಕೇಳಲಿಲ್ಲ. ನಾನು ಬಾಗಿಲ ಹತ್ತಿರವೇ ಇದ್ದೆ!

ಐದು ಗಂಟೆ ಮಾತಾಡಿದ್ದು ಪೋಸ್ಟರಿನ ಬಗ್ಗೆ. ಮೂರು ಪಕ್ಷಗಳ ಹೆಸರಲ್ಲಿ ಯಾವುದು ಮೊದಲು? ಹಳಬರು “ವಯಸ್ಸಿನ ಪ್ರಕಾರ” ಎಂದರು. ನನ್ನವರು “ಸದಸ್ಯರ ಸಂಖ್ಯೆ ಪ್ರಕಾರ” ಎಂದರು. ಪುಸ್ತಕದಂಗಡಿಯ ಯಜಮಾನರಿಗೆ ಎಲ್ಲರೂ ಅಡಿಟಿಪ್ಪಣಿ ಎನ್ನುತ್ತಾರೆ, ಏಕೆಂದರೆ ಅವರು ಒಂದು ವಾಕ್ಯ ಹೇಳಿ ಅದಕ್ಕೆ ಮೂರು ವಿವರಣೆ ಸೇರಿಸದೆ ಬಿಡುವವರಲ್ಲ. ಅವರು “ಅಕ್ಷರಮಾಲೆ ಪ್ರಕಾರ” ಎಂದರು. ಅಕ್ಷರಮಾಲೆಯ ಪ್ರಕಾರ ಅವರದೇ ಮೊದಲು ಬರುತ್ತದೆ.

ನನಗೆ ಒಂದು ಅದ್ಭುತ ಐಡಿಯಾ ಹೊಳೆಯಿತು. ಟೀ ತಟ್ಟೆಯನ್ನು ಮಧ್ಯದಲ್ಲಿಟ್ಟು, “ಹೆಸರುಗಳನ್ನ ಹೀಗೆ ದುಂಡಗೆ ಬರೆದುಬಿಡಿ! ಮೊದಲೂ ಇಲ್ಲ, ಕೊನೆಯೂ ಇಲ್ಲ,” ಎಂದೆ.

ಎಲ್ಲರೂ ತಟ್ಟೆಯನ್ನೇ ನೋಡಿದರು. ನನ್ನವರ ಮುಖದಲ್ಲಿ ಎಂಥ ಹೆಮ್ಮೆ! ಆಮೇಲೆ ಮಾವ ನಿಧಾನವಾಗಿ ಕೇಳಿದರು: “ಮೇಲ್ಗಡೆ ಯಾರದು ಬರುತ್ತೆ?”

ಮತ್ತೆ ಒಂದು ಗಂಟೆ.

ಹೋಗುವಾಗ ಅಡಿಟಿಪ್ಪಣಿ ಚಪ್ಪಲಿ ಮೆಟ್ಟುತ್ತ, “ಪ್ರಯತ್ನ ಚೆನ್ನಾಗಿತ್ತು, ಕಾನ್ವೆಂಟ್ ಕಾಮ್ರೇಡ್,” ಎಂದರು. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದ್ದು ಅವರಿಗೆ ಯಾರು ಹೇಳಿದರೋ! ಮೈಯೆಲ್ಲ ಉರಿಯಿತು. “ಅವರ ಸ್ವಭಾವಾನೇ ಅದು. ನಾವು ಮಾತ್ರ ಒಗ್ಗಟ್ಟಿಗೆ ಸಿದ್ಧ ಇದೀವಿ,” ಎಂದು ಇವರು ಸಮಾಧಾನ ಮಾಡಿದರು. ನಿಜ. ನಮ್ಮವರು ಮಾತ್ರ ಸಿದ್ಧ.

ಫೆಬ್ರವರಿ 16, ಭಾನುವಾರ

ಇವತ್ತು ಪೋಸ್ಟರ್ ಕೈಬಿಟ್ಟರು. ಪೋಸ್ಟರೇ ಬೇಡವಂತೆ. ಅದನ್ನು ಮುನ್ನಡೆ ಎಂದು ಕರೆದರು. ಆಮೇಲೆ ಮೂರೂ ಕಡೆಯ ಕೆಲಸಗಾರರ ಜಂಟಿ ಸಭೆ ಹೇಗೆ ನಡೆಯಬೇಕು ಎಂದು ಶುರುವಾಗಿ, ಮೊದಲ ನಿಮಿಷಕ್ಕೇ ನಿಂತುಹೋಯಿತು. ಮೊದಲ ನಿಮಿಷ ಎಂದರೆ ಮೌನದ ನಿಮಿಷ. ಈ ಮೂರೂ ಪಕ್ಷಗಳಲ್ಲಿ ಸಭೆ ಶುರುವಾಗುವ ಮುಂಚೆ ಎಲ್ಲರೂ ಎದ್ದು ನಿಂತು, ತೀರಿಕೊಂಡ ಸಂಗಾತಿಗಳ ಹೆಸರು ಹೇಳಿ ಮೌನವಾಗಿರುವುದು ಪದ್ಧತಿ. ಯಾರ ಹೆಸರು ಹೇಳಬೇಕು ಎಂಬಲ್ಲಿಗೆ ಬಂದಾಗ ನನ್ನವರು ಒಂದು ಹೆಸರು ಹೇಳಿದರು. ಮಾವ ಕುರ್ಚಿ ಹಿಂದಕ್ಕೆ ತಳ್ಳಿ ಹೊರಟೇಹೋದರು.

ಅದು ಅತ್ತೆಯ ಅಣ್ಣನ ಹೆಸರು. ಇವರ ಸೋದರಮಾವ!

ಅತ್ತೆ ಹೊಲಿಗೆ ಯಂತ್ರ ತುಳಿಯುತ್ತಲೇ ಹೇಳಿದರು. ಸೋದರಮಾವನೂ ಡ್ರೈವರ್, ನನ್ನ ಮಾವನಿಗೆ ಜೀವದ ಗೆಳೆಯ. ಪಕ್ಷವನ್ನು ಕೇಳದೆ ಮುಷ್ಕರ ಹೂಡಿದ ಎಂದು ಅವನನ್ನು ಪಕ್ಷದಿಂದ ತೆಗೆದುಹಾಕಿದರು. ಆ ಸಭೆಯ ಅಧ್ಯಕ್ಷರು ನನ್ನ ಮಾವ. ಎರಡು ವರ್ಷದಲ್ಲಿ ಅವನು ಕಾಯಿಲೆಯಾಗಿ ತೀರಿಕೊಂಡ. ಅವನ ಹಿಂದೆ ಹೋದವರೇ ಹೊಸಬರು. ಅವರಿಗೆ ಅವನು ಹುತಾತ್ಮ, ಹಳಬರಿಗೆ ಶಿಸ್ತು ಮುರಿದವನು. ಅವನ ಹೆಸರಿಗೆ ಹೊಸಬರು ನಿಂತರೆ ಹಳಬರು ಎದ್ದು ಹೋಗುತ್ತಾರೆ, ಹೆಸರು ಬಿಟ್ಟರೆ ಹೊಸಬರು. ಅದಕ್ಕೇ ಇಷ್ಟು ವರ್ಷ ಒಂದೂ ಜಂಟಿ ಸಭೆ ನಡೆದಿಲ್ಲ.

“ನಿಮಗೆ ಸಿಟ್ಟು ಬರಲ್ವಾ ಅತ್ತೆ?”

“ಬಾಬಿನ್ ದಾರ ಮುಗೀತು, ಆ ಡಬ್ಬ ಕೊಡು,” ಎಂದರು.

ನನಗೆ ಬಂತು. ಮಾವನ ಮೇಲೆ! ಜೀವದ ಗೆಳೆಯನನ್ನು, ಹೆಂಡತಿಯ ಒಡಹುಟ್ಟಿದವನನ್ನು ಹೊರಗೆ ಹಾಕುವುದೆಂದರೆ! ಸಂಜೆ ಮಾವನಿಗೆ ಟೀ ಕೊಡುವಾಗ ಬೇಕೆಂದೇ ಸಕ್ಕರೆ ಮರೆತೆ.

ಫೆಬ್ರವರಿ 25, ಮಂಗಳವಾರ

ನಾದಿನಿ ಊಟದ ಡಬ್ಬಿ ಮರೆತು ಹೋಗಿದ್ದಳು. ತೆಗೆದುಕೊಂಡು ಹೋದೆ. ಲಾಂಡ್ರಿಯ ಒಳಗೆ ಕಾಲಿಟ್ಟಿದ್ದು ಇದೇ ಮೊದಲು.

ನೆಲಮಾಳಿಗೆ. ಬಾಗಿಲು ತೆರೆದ ಕೂಡಲೇ ಬಿಸಿ ಒದ್ದೆ ಗಾಳಿ ಮುಖಕ್ಕೆ ಹೊಡೆಯಿತು, ಕನ್ನಡಿಯಂಥ ನನ್ನ ಹೊಸ ಕೈಗಡಿಯಾರ ಮಂಜಾಯಿತು. ಯಂತ್ರದ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಒದ್ದೆ ಹಾಸಿಗೆ ಬಟ್ಟೆ ಎತ್ತಿದರೆ ಒಂದು ಮಗುವಿನಷ್ಟು ಭಾರ. ನಾನು ಎತ್ತಿ ನೋಡಿದೆ. ಎರಡನೆಯದನ್ನು ಎತ್ತಲು ಹೋಗಲಿಲ್ಲ. ನಾದಿನಿ ರೋಲರಿನ ಬಾಯಿಗೆ ಬಟ್ಟೆಯ ಅಂಚು ಕೊಡುತ್ತಿದ್ದಳು. ಬೆರಳು ಬಿಡುವುದು ಒಂದು ಕ್ಷಣ ತಡವಾದರೆ ಆಯಿತು. ದಿನವಿಡೀ ಹಾಗೆ ನಿಂತೇ.

ಬಾಯ್ಲರ್ ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಹಬೆ ಅಕ್ಕ ಎನ್ನುತ್ತಾರೆ. ಆಕೆ ನನ್ನನ್ನು ಪಕ್ಕಕ್ಕೆ ಕರೆದು ಕೂಗಿದರು: “ನಿಮ್ಮೆಜಮಾನ್ರು ಬಂದು ಭಾಷಣ ಮಾಡಿದ್ರು. ಮಾರನೇ ದಿನ ನಿಮ್ಮ ಮಾವ ಬಂದು ಅದನ್ನೇ ಮಾಡಿದ್ರು. ಆಮೇಲೆ ಪುಸ್ತಕದೋರು. ಮೂರನೇ ಸಲಕ್ಕೆ ನಮಗೇ ಬಾಯಿಪಾಠ ಆಗಿತ್ತು, ಅವರು ಮರೆತಿದ್ದನ್ನ ನಾವೇ ಹೇಳಿಕೊಟ್ವಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ನಗು ನಿಂತುಹೋಯಿತು. ಮೂರೂ ಭಾಷಣ ಒಂದೇ ಆದರೆ ಜಗಳ ಯಾವುದಕ್ಕೆ? ಮನೆಗೆ ಬಂದು ಇವರನ್ನು ಕೇಳಿದೆ.

“ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತೆ,” ಎಂದು ಕನ್ನಡಕ ತೆಗೆದು ಒರೆಸಿದರು. ಇವತ್ತು ಅವರು ಹೇಳಿದ್ದು ಪೂರ್ತಿ ಕೇಳಿಸಿತು. ಅರ್ಥವಾಗಲಿಲ್ಲ.

ಮಾರ್ಚ್ 2, ಭಾನುವಾರ

ನಾನು ಅಧ್ಯಕ್ಷೆ!!

ಜಂಟಿ ಸಭೆ ಮುಂದಿನ ಭಾನುವಾರ, ಶಾಲೆಯ ಹಾಲ್‌ನಲ್ಲಿ. ಅಧ್ಯಕ್ಷತೆ ಯಾರದು ಎಂದು ಬೆಳಿಗ್ಗೆಯಿಂದ ಜಗ್ಗಾಡಿ ಸುಸ್ತಾಗಿ, ಕೊನೆಗೆ ಅಡಿಟಿಪ್ಪಣಿ ಟೀ ಹಿಡಿದು ನಿಂತಿದ್ದ ನನ್ನನ್ನು ತೋರಿಸಿ, “ಇವರು ಆಗಬಹುದಲ್ಲ?” ಎಂದರು. ಎಲ್ಲರೂ ಒಪ್ಪಿದರು! ಮೌನಕ್ಕೂ ದಾರಿ ಸಿಕ್ಕಿತು: ಯಾರ ಹೆಸರೂ ಬೇಡ, ‘ನಮ್ಮನ್ನು ಅಗಲಿದ ಎಲ್ಲರಿಗಾಗಿ’ ಎಂದಷ್ಟೇ ನಾನು ಹೇಳಬೇಕು. ಇವರೂ ಹೂಂ ಎಂದರು, ಮಾವನೂ ಹೂಂ ಎಂದರು. ಇಡೀ ಚರಿತ್ರೆಯೇ ನಮ್ಮ ಮುಂದಿನ ಕೋಣೆಯಲ್ಲಿ ಆದಂತಿತ್ತು.

ಯಾವ ಬಟ್ಟೆ ಹಾಕಿಕೊಳ್ಳಲಿ?

ರಾತ್ರಿ ಊಟಕ್ಕೆ ಕೂತಾಗ ನಾದಿನಿಯನ್ನು ಕೇಳಿದೆ: “ನನ್ನಲ್ಲಿ ಏನು ನೋಡಿ ಆರಿಸಿದ್ರು ಅಂತೀಯಾ?”

“ನಿಮಗೇನೂ ಗೊತ್ತಿಲ್ವಲ್ಲ ಅತ್ತಿಗೆ, ಅದಕ್ಕೇ,” ಎಂದಳು. ಕುಹಕವಿಲ್ಲ, ಪಾಪ, ನಿಜವನ್ನೇ ಹೇಳಿದಳು. “ಯಾರ ಕಡೇನೂ ಅಲ್ಲದೋರು ಈ ಊರಲ್ಲಿ ನೀವೊಬ್ರೇ ಉಳಿದಿರೋದು.”

ಊಟ ಸೇರಲಿಲ್ಲ.

ಮಾರ್ಚ್ 7, ಶುಕ್ರವಾರ

ಈ ವಾರವಿಡೀ ನನಗೆ ಪಾಠ. ಹೇಗೆ ಕೂರಬೇಕು, ಯಾರಿಗೆ ಎಷ್ಟು ಹೊತ್ತು ಮಾತು ಕೊಡಬೇಕು, ಗದ್ದಲವಾದರೆ ಟೇಬಲ್ ಹೇಗೆ ಕುಟ್ಟಬೇಕು. ಮಾವ ಒಂದು ಬಗೆಯಲ್ಲಿ ಹೇಳಿಕೊಟ್ಟರು, ಅಡಿಟಿಪ್ಪಣಿ ಫೋನಿನಲ್ಲಿ ಇನ್ನೊಂದು ಬಗೆಯಲ್ಲಿ. ಮೂರು ಕಡೆಯವರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದು ಮಾತ್ರ ಒಂದೇ: “ಅವರನ್ನ ನಂಬಬೇಡ.”

ಇವತ್ತು ಸಂಜೆ ಇವರು ನನ್ನನ್ನು ನಡೆಯಲು ಕರೆದುಕೊಂಡು ಹೋದರು. ಎಷ್ಟು ದಿನವಾಗಿತ್ತು! ನದಿಯ ಸೇತುವೆ ಮೇಲೆ ನಿಂತು ಕೈ ಹಿಡಿದುಕೊಂಡರು. ನಾನು ಕಣ್ಣು ಮುಚ್ಚಿದೆ.

“ನಂಗೋಸ್ಕರ ಒಂದು ಮಾಡ್ತೀಯಾ? ‘ಎಲ್ಲರಿಗಾಗಿ’ ಅಂದಮೇಲೆ ಸೋದರಮಾವನ ಹೆಸರು ಹೇಳಿಬಿಡು. ಒಂದೇ ಸಲ.”

ಕಣ್ಣು ತೆರೆದೆ. “ಹಳಬರು ಎದ್ದು ಹೋಗ್ತಾರಲ್ರೀ? ವ್ಯಾನು ಓಡುತ್ತೆ. ಲಾಂಡ್ರಿ ಹೋಗುತ್ತೆ.”

“ಹೋಗಲ್ಲ. ನಿನ್ನ ಬಾಯಿಂದ ಬಂದ್ರೆ ಯಾರೂ ಏನೂ ಅನ್ನಲ್ಲ. ಹೊಸಬಳು, ಗೊತ್ತಾಗ್ಲಿಲ್ಲ ಪಾಪ ಅಂತಾರೆ. ಅವನನ್ನ ಹೆಗಲ ಮೇಲೆ ಹೊತ್ತು ಮಣ್ಣು ಮಾಡಿದೋನು ನಾನು ಕಣೇ. ಅಷ್ಟು ಜನ ಒಟ್ಟಿಗೆ ಅವನಿಗೋಸ್ಕರ ನಿಲ್ಲೋದನ್ನ ನಾನು ನೋಡಬೇಕು.”

ಅದನ್ನು ಕೇಳಿ ನನಗೆ ಅಳು ಬಂತು, ಅದು ಸುಳ್ಳಲ್ಲ. ಆದರೆ ಮನೆ ತಲುಪುವಷ್ಟರಲ್ಲಿ ಅಳು ಸಿಟ್ಟಾಗಿತ್ತು. ನನಗೆ ಏನೂ ಗೊತ್ತಿಲ್ಲದಿರುವುದು ಎಲ್ಲರಿಗೂ ಎಷ್ಟೊಂದು ಉಪಯೋಗಕ್ಕೆ ಬರುತ್ತದೆ! ಅವರಿಗೂ!

ಉತ್ತರ ಕೊಟ್ಟಿಲ್ಲ.

ಮಾರ್ಚ್ 9, ಭಾನುವಾರ

ಇವತ್ತೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಇದೇ ಸಭೆಗೆ ಮೂರು ಕಥೆಗಳಿರುತ್ತವೆ.

ಶಾಲೆಯ ಹಾಲ್ ಜನರಿಂದ ತುಂಬಿತ್ತು. ಬಲಕ್ಕೆ ಡ್ರೈವರುಗಳು, ಎಡಕ್ಕೆ ವಾರ್ಡಿನವರು, ಹಿಂದೆ ಲಾಂಡ್ರಿಯವರು, ನೇರ ಪಾಳಿಯಿಂದಲೇ ಬಂದವರು. ಅವರ ನಡುವೆ ಅತ್ತೆ, ನಾದಿನಿಯ ಪಕ್ಕದಲ್ಲಿ. ಹೊರಹೋಗಲು ಒಂದೇ ಬಾಗಿಲು, ಹಿಂದುಗಡೆ. ನಾನು ಎದ್ದು, “ನಮ್ಮನ್ನು ಅಗಲಿದ ಎಲ್ಲರಿಗಾಗಿ,” ಎಂದೆ. ಎಲ್ಲರೂ ಎದ್ದು ನಿಂತರು. ನಾನು ಬಾಯಿ ಮುಚ್ಚಿಕೊಂಡೆ. ಇವರು ನನ್ನನ್ನೇ ನೋಡುತ್ತಿದ್ದರು. ನಾನು ಟೇಬಲ್ಲನ್ನು ನೋಡಿದೆ.

ಆ ಮೌನದ ನಡುವೆ ಇವರು ಕೂಗಿದರು. ಸೋದರಮಾವನ ಹೆಸರು! ಎಡಗಡೆಯವರೆಲ್ಲ ಒಟ್ಟಿಗೆ “ಅಮರ!” ಎಂದರು. ಬಲಗಡೆ ಕುರ್ಚಿಗಳು ಕಿರುಗುಟ್ಟಿದವು. ಮಾವ ಟೋಪಿ ಕೈಗೆತ್ತಿಕೊಂಡರು, ಅವರ ಹಿಂದೆ ಡ್ರೈವರುಗಳು ಬಾಗಿಲ ಕಡೆ ತಿರುಗಿದರು. ಹಿಂದೆ ನಾದಿನಿ ಗೋಡೆಗೊರಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಅವಳಿಗೆ ಸಿಟ್ಟು ಸಹ ಬಂದಿರಲಿಲ್ಲ. ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದವಳ ಮುಖ. ಆ ಮುಖ ನೋಡಿ ನನಗೆ ಏನಾಯಿತೋ, ನೀರಿನ ಲೋಟದಿಂದ ಟೇಬಲ್ ಕುಟ್ಟಿದೆ. ನೀರೆಲ್ಲ ನನ್ನ ಮೇಲೇ ಚೆಲ್ಲಿತು.

“ಮೌನ ಮುರಿದೋರು ಹೊರಗೆ ಹೋಗ್ಬೇಕು!”

“ಯಾರು?” ಎಂದರು ಯಾರೋ.

“ನೀವೇ ರೀ!” ಎಂದೆ, ಇವರ ಕಡೆ ಕೈ ತೋರಿಸಿ.

ಲಾಂಡ್ರಿಯವರು ಗೊಳ್ಳೆಂದು ನಕ್ಕರು. “ಮನೇಲಿ ಊಟ ಇಲ್ಲ ಇವತ್ತು!” ಎಂದು ಹಬೆ ಅಕ್ಕ ಕೂಗಿದರು. ಇವರ ಕಿವಿ ಕೆಂಪಾಯಿತು. ಕನ್ನಡಕ ತೆಗೆಯಲಿಲ್ಲ. ನಡೆದು ಹೊರಟೇಬಿಟ್ಟರು, ಒಬ್ಬರೇ, ನೇರ ಬಾಗಿಲಿಗೆ.

ಹಳಬರು ಪೇಚಿಗೆ ಸಿಕ್ಕರು. ಎದ್ದು ನಿಂತಿದ್ದಾರೆ, ಬಾಗಿಲು ಒಂದೇ. ಈಗ ಹೊರಟರೆ ನನ್ನ ಗಂಡನ ಹಿಂದೆ ಹೊರಟಂತಾಗುತ್ತದೆ, ಹೊಸಬರ ಜೊತೆ ಸಭಾತ್ಯಾಗ ಮಾಡಿದಂತಾಗುತ್ತದೆ! ಮಾವ ಒಂದು ಸಲ ಬಾಗಿಲು ನೋಡಿದರು, ಒಂದು ಸಲ ಟೋಪಿ ನೋಡಿದರು. ಕೂತರು. ಅವರು ಕೂತದ್ದಕ್ಕೆ ಎಲ್ಲರೂ ಕೂತರು.

ಆಮೇಲೆ ಮಾತು ಎಷ್ಟು ಸಲೀಸಾಗಿ ನಡೆಯಿತು! ಹಬೆ ಅಕ್ಕ ಮಾತಾಡಿದರು. ಡ್ರೈವರುಗಳು ಮತದ ದಿನ ವ್ಯಾನ್ ತೆಗೆಯುವುದಿಲ್ಲ ಎಂದರು. ಅಡಿಟಿಪ್ಪಣಿ ಕೂಡ ಒಂದೇ ವಿವರಣೆಗೆ ನಿಲ್ಲಿಸಿದರು. ಕೈ ಎತ್ತುವ ಹೊತ್ತಿಗೆ ವಾರ್ಡಿನವರಲ್ಲಿ ಒಬ್ಬರು ಎದ್ದು, “ನಮ್ಮ ಕಾಮ್ರೇಡ್ ಹೊರಗಿದ್ದಾಗ ನಾವು ಕೈ ಎತ್ತಲ್ಲ,” ಎಂದರು. ವಾರ್ಡಿನವರಿಲ್ಲದೆ ಏನು ಪ್ರಯೋಜನ? ಟೀ ವಿರಾಮ ಎಂದು ಕೂಗಿದೆ.

ಮಾವ ಲೋಟ ಹಿಡಿದು ನನ್ನ ಟೇಬಲ್ಲಿಗೆ ಬಂದರು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿಯೇ ಇರಲಿಲ್ಲ. “ಶಿಸ್ತು ಅಂದ್ರೆ ಇದಮ್ಮಾ. ಗಂಡ ಅಂತ ನೋಡಲಿಲ್ಲ ನೀನು. ಅವತ್ತು ನಾನು ಮಾಡಿದ್ದೂ ಇದನ್ನೇ. ಈಗ ಗೊತ್ತಾಯ್ತಲ್ಲ?”

ಇದನ್ನೇ! ನಾನು ಮಾಡಿದ್ದು ಇದನ್ನೇನಾ? ಅವರು ನನ್ನನ್ನು ಮೆಚ್ಚಿ ನಗುತ್ತಿದ್ದರು. ಈ ಮೆಚ್ಚುಗೆಗಿಂತ ಅವರು ಬೈದಿದ್ದರೇ ವಾಸಿ ಎನ್ನಿಸಿತು. ನಾನು ಕುರ್ಚಿ ಬಿಟ್ಟು ಎದ್ದೆ. “ಅಧ್ಯಕ್ಷರು ಸಭೆ ನಡುವೆ ಕುರ್ಚಿ ಬಿಡೋ ಹಾಗಿಲ್ಲ,” ಎಂದರು ಅಡಿಟಿಪ್ಪಣಿ. “ಇದು ನಿಯಮಕ್ಕೆ…” ಉಳಿದದ್ದು ಕೇಳಿಸಲಿಲ್ಲ.

ಇವರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ಬೆನ್ನು ತಿರುಗಿಸಿ. ಅತ್ತೆ ಆಗಲೇ ಪಕ್ಕದಲ್ಲಿ ಬಂದು ಕೂತಿದ್ದರು.

“ಏಳಿ, ಒಳಗೆ ಬನ್ನಿ. ಕೈ ಎತ್ತಬೇಕು,” ಎಂದೆ.

“ನೀನೇ ಹೊರಗೆ ಹಾಕಿದೆ.”

“ಹೌದು, ಹಾಕಿದೆ. ತಪ್ಪು ಮಾಡಿದ್ರಿ, ಹಾಕಿದೆ. ಇವಾಗ ನಾನೇ ಕರೀತಿದೀನಿ.”

“ಅಪ್ಪಂಗೆ ಖುಷಿಯಾಗಿರ್ಬೇಕು.”

“ಆಗಿದೆ. ಅದಕ್ಕೇ ಬಂದೆ!”

ಅವರು ಅಲುಗಾಡಲಿಲ್ಲ. ಆಗ ಅತ್ತೆ, ರಸ್ತೆಯ ಕಡೆ ನೋಡುತ್ತಲೇ, ಯಾವುದೋ ಅಂಗಡಿಯ ವಿಷಯ ಹೇಳುವ ಹಾಗೆ ಹೇಳಿದರು: “ಅವತ್ತು ಅಣ್ಣನೂ ಹೀಗೇ ಪಕ್ಷದ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿದ್ದೆ. ಒಳಗಿಂದ ಯಾರಾದ್ರೂ ಬರ್ತಾರೆ ಇರು, ಇರು, ಅಂತಿದ್ದ. ಆಫೀಸಿಗೆ ಬೀಗ ಹಾಕೋವರೆಗೂ ಕೂತಿದ್ವಿ. ನಿಮ್ಮಪ್ಪ ಹಿಂಬಾಗಿಲಿಂದ ಹೋಗಿಬಿಟ್ಟಿದ್ರು.” ಆಮೇಲೆ ಮಗನ ಹೆಗಲು ತಟ್ಟಿ, “ಇವಳು ಬಂದಿದಾಳಲ್ಲೋ. ಏಳು,” ಎಂದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ. ಟೀ ಲೋಟ ಇನ್ನೂ ಕೈಯಲ್ಲಿತ್ತು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ನಗು ಮಾತ್ರ ಇರಲಿಲ್ಲ. ನನ್ನವರು ಎದ್ದು ಒಳಗೆ ಹೋಗುವಾಗ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

ಕೈಗಳು ಎದ್ದವು. ಮೂರು ಕಡೆಯಿಂದಲೂ. ನಾನು ಎಣಿಸಲು ಹೋಗಿ ಎರಡು ಸಲ ತಪ್ಪಿದೆ.

ಮಾರ್ಚ್ 10, ಸೋಮವಾರ

ಇವರು ಮಾತಾಡುತ್ತಿಲ್ಲ. ಮಾತಾಡದಿದ್ದರೆ ಬಿಡಲಿ.

ಮಾರ್ಚ್ 21, ಶುಕ್ರವಾರ

ನಿಂತಿತು! ಒಂದು ದಿಂಬಿನ ಚೀಲವೂ ಅಲ್ಲಾಡಲಿಲ್ಲ. ತುರ್ತು ವಾರ್ಡಿಗೆ ಬೇಕಾದ ಬಟ್ಟೆಯನ್ನು ನಿನ್ನೆಯೇ ಒಗೆದು ಮಡಿಸಿಟ್ಟಿದ್ದರು, ರೋಗಿಗಳಿಗೆ ತೊಂದರೆಯಾಗಬಾರದೆಂದು. ವ್ಯಾನುಗಳ ಮುಂದೆ ಮಾವ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಲಾಂಡ್ರಿ ಬಾಗಿಲಲ್ಲಿ ನಾನು, ನಾದಿನಿ, ಹಬೆ ಅಕ್ಕ. ನಾದಿನಿಯ ಜೊತೆ ನಿಂತು ನಿಂತು ನನ್ನ ಪಾದ ಊದಿದೆ. ಅವಳು ನನ್ನನ್ನು ನೋಡಿ ನಗುತ್ತಾಳೆ!

ಸಂಜೆ ಸುದ್ದಿ ಬಂತು. ನಗರಸಭೆ ಮತ ಹಾಕಲಿಲ್ಲ. ಮೂರು ತಿಂಗಳು ಮುಂದೂಡಿದೆ. ಗೆದ್ದಿಲ್ಲ. ಸೋತೂ ಇಲ್ಲ. ಜೂನಿನಲ್ಲಿ ಮತ್ತೆ ಎಲ್ಲರೂ ಬೇಕು.

ಇವರು ದೂರದಿಂದ ಬಂದು ನನ್ನ ಕೈಗೆ ಒಂದು ಬನ್ನು ಕೊಟ್ಟರು. “ತಿನ್ನು,” ಎಂದರು. ಹನ್ನೆರಡು ದಿನಕ್ಕೆ ಮೊದಲ ಮಾತು ಅದು! ಇಷ್ಟು ದಿನ ಬಾಯಿ ಬಿಡದೆ ಈಗ ಬನ್ನು! ಹಸಿವಾಗಿತ್ತು, ತಿಂದೆ.

ಮಾರ್ಚ್ 25, ಮಂಗಳವಾರ

ಮೂರು ಪಕ್ಷಗಳೂ ಇವತ್ತು ನಮ್ಮ ಮುಂದಿನ ಕೋಣೆಯಲ್ಲಿ ಕೂತು, ಚರ್ಚೆಯೇ ಇಲ್ಲದೆ, ಒಮ್ಮತದಿಂದ, ಹತ್ತು ನಿಮಿಷದಲ್ಲಿ ಒಂದು ತೀರ್ಮಾನ ಮಾಡಿದವು. ಏನು ಗೊತ್ತೇ? ಮುಂದಿನ ಸಭೆಗೆ ನಾನು ಅಧ್ಯಕ್ಷೆಯಾಗಬಾರದು!

ನಾನು ಈಗ ತಟಸ್ಥಳಲ್ಲವಂತೆ. ನಾನು ಗಂಡನನ್ನು ಹೊರಗೆ ಹಾಕಿದ್ದರಿಂದ ಹಳಬರ ಕಡೆ ಎಂದು ಹೊಸಬರಿಗೆ ಅನುಮಾನ. ಕರೆದುಕೊಂಡು ಬಂದಿದ್ದರಿಂದ ಹೊಸಬರ ಕಡೆ ಎಂದು ಹಳಬರಿಗೆ. ಕುರ್ಚಿ ಬಿಟ್ಟು ಎದ್ದಿದ್ದರಿಂದ ನನಗೆ ಯಾವ ತತ್ತ್ವವೂ ಇಲ್ಲ ಎಂದು ಅಡಿಟಿಪ್ಪಣಿ.

“ನಿನ್ನ ಸೇವೆಗೆ ಧನ್ಯವಾದ ಹೇಳಿ ನಿರ್ಣಯ ಮಾಡಿದೀವಿ ಕಣೇ,” ಎಂದರು ಇವರು. ಸಂಕೋಚದಿಂದ ಹೇಳಿದರು, ಆದರೆ ಕೈ ಎತ್ತಿದವರಲ್ಲಿ ಅವರೂ ಇದ್ದರು.

“ಸೋದರಮಾವನ ಹೆಸರಿನ ಮಾತು ಏನಾಯ್ತು?”

“ಅದು ಮುಂದಿನ ವಾರಕ್ಕೆ ಇಟ್ಕೊಂಡಿದೀವಿ. ಅಪ್ಪ ತಾವಾಗೇ ಎತ್ತಿದ್ರು.” ಅಷ್ಟು ಹೇಳಿ ಕನ್ನಡಕ ಒರೆಸಿದರು. ನಾನು ಕಣ್ಣು ನೋಡಲಿಲ್ಲ, ನನಗೆ ಪುರಸೊತ್ತಿರಲಿಲ್ಲ. ಲಾಂಡ್ರಿಗೆ ಹೋಗಬೇಕಿತ್ತು. ಜೂನಿಗೆ ಯಾರ್ಯಾರು ಮಾತಾಡಬೇಕು ಎಂದು ಹಬೆ ಅಕ್ಕ ಕೇಳಿದ್ದರು, ಮೂರೂ ಭಾಷಣ ಒಂದೇ ಆದರೆ ಒಬ್ಬರೇ ಮಾಡಿದರೆ ಸಾಲದೇ ಎಂದು. ಆ ಒಬ್ಬರು ನಾದಿನಿ ಎಂದು ಅಲ್ಲಿ ಎಲ್ಲರೂ ಒಪ್ಪಿದ್ದಾರೆ. ನಾದಿನಿ ಒಬ್ಬಳೇ ಒಪ್ಪಿಲ್ಲ.

ಮುಂದಿನ ಸಭೆಗೆ ನಾನು ಹೋಗುತ್ತೇನೆ. ಕುರ್ಚಿ ಅವರೇ ಇಟ್ಟುಕೊಳ್ಳಲಿ, ನಾನು ಹಿಂದೆ ಲಾಂಡ್ರಿಯವರ ಜೊತೆ ಇರುತ್ತೇನೆ. ಇನ್ನೊಂದು ಸಲ ಪೋಸ್ಟರು, ಮೇಲ್ಗಡೆ ಯಾರು ಎಂದು ಶುರುಮಾಡಿದರೆ ಅಲ್ಲಿಂದಲೇ ಕೂಗುತ್ತೇನೆ. ಬೇಕಾದರೆ ನನ್ನನ್ನೂ ಹೊರಗೆ ಹಾಕಲಿ. ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕರೆಯಲು ಯಾರು ಬರುತ್ತಾರೋ ನೋಡಿಯೇ ಬಿಡುತ್ತೇನೆ.